ಅರವತ್ತು ಲಾಟ್ ಆಗುವ ಹೊತ್ತಿಗೆ ಆ್ಯಪ್ ತಾನೇ ಮುಚ್ಚಿಕೊಳ್ಳುತ್ತಿದೆ, ಇದು ಮೆಮೊರಿ ಲೀಕಾ (ಬೇಡದ್ದು ಮೆಮೊರಿಯಲ್ಲೇ ಉಳಿದುಬಿಡುವುದು)?

ಹಾವೇರಿ ಯಾಲಕ್ಕಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿಯಲ್ಲಿ ಮನೆಯಿಂದಲೇ ಆ್ಯಪ್ ಮಾಡಿಕೊಡುತ್ತೇನೆ. ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಕೋಟ್ಲಿನ್‌ನಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ರೈತರ ಮೆಣಸಿನಕಾಯಿ ಇಳಿದ ಕೂಡಲೇ ಅಂಗಡಿಯ ದಿವಾನಜಿ ಪ್ರತಿ ಲಾಟಿಗೂ ಒಂದು ಫೋಟೊ ತೆಗೆಯುತ್ತಾರೆ. ಮೆಣಸಿನಕಾಯಿ ಡಬ್ಬಿ ಜಾತಿಯದೋ ಕಡ್ಡಿ ಜಾತಿಯದೋ, ಎಷ್ಟು ಚೀಲ, ಯಾವ ಊರು ಅಂತ ಬರೆಯುತ್ತಾರೆ. ಸೊಂಟಕ್ಕೆ ಕಟ್ಟಿಕೊಂಡ ಬ್ಲೂಟೂತ್ ಪ್ರಿಂಟರಿನಿಂದ ಚೀಟಿ ಹರಿದು ಕೊಡುತ್ತಾರೆ. ಅಷ್ಟೇ ಕೆಲಸ.

ಬೆಳಿಗ್ಗೆ ಚೆನ್ನಾಗಿಯೇ ಓಡುತ್ತದೆ. ಐವತ್ತು ಅರವತ್ತು ಲಾಟ್ ಆಗುವಷ್ಟರಲ್ಲಿ ಪಟ್ಟಿ ಸರಿಸಿದರೆ ತಡೆದು ತಡೆದು ಸರಿಯುತ್ತದೆ. ಆಮೇಲೆ ದಿವಾನಜಿ ನಡುವೆ ವಾಟ್ಸಾಪ್ ನೋಡಿ ವಾಪಸ್ ಬಂದರೆ ಆ್ಯಪ್ ಮೊದಲಿನಿಂದ ಶುರು. ಅರ್ಧ ಬರೆದ ಲಾಟ್ ಮಾಯ.

ಹೋದ ವಾರ ನಾನೇ ಹೋಗಿ ನಿಂತು ನೋಡಿದೆ. ಹಿರಿಯರೊಬ್ಬರು ತಮ್ಮ ಚೀಲದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಮೂರನೇ ಸಲ ತಮ್ಮ ಹೆಸರು, ಊರು ಹೇಳಬೇಕಾಯಿತು ಅವರು. ಸಿಟ್ಟು ಮಾಡಲಿಲ್ಲ, ಸುಮ್ನೆ ಹೇಳಿದರು. ನನಗೆ ಬಹಳ ಸಂಕಟವಾಯಿತು.

ಕ್ರ್ಯಾಶ್ ರಿಪೋರ್ಟ್ ತೆಗೆದು ನೋಡಿದರೆ ಖಾಲಿ. ಒಂದೂ ಇಲ್ಲ. ನನ್ನ 8 ಜಿಬಿ ಫೋನಿನಲ್ಲಿ ಏನೂ ಆಗುವುದಿಲ್ಲ. ದಿವಾನಜಿಯವರದು 3 ಜಿಬಿ ರ‍್ಯಾಮ್, ಆಂಡ್ರಾಯ್ಡ್ 12. ಎಲ್ಲಿಂದ ಹುಡುಕಲಿ?

ಗೋಕುಲ ರಸ್ತೆ · ಸೋಮವಾರ ರಾತ್ರಿ 10:05

ಮ್ಯಾನಿಫೆಸ್ಟ್‌ನಲ್ಲಿ ಲಾರ್ಜ್‌ಹೀಪ್ ಟ್ರೂ ಅಂತ ಹಾಕಿ, ಆ್ಯಪಿಗೆ ಹೆಚ್ಚು ಮೆಮೊರಿ ಬಳಸಲು ಬಿಡುತ್ತದೆ. ಪ್ರತಿ ಲಾಟ್ ಸೇವ್ ಆದ ಮೇಲೆ ಸಿಸ್ಟಮ್.ಜಿಸಿ ಕರೆಯಿರಿ, ಅಂದರೆ ಬೇಡದ್ದನ್ನು ಮೆಮೊರಿಯಿಂದ ಗುಡಿಸುವ ಗಾರ್ಬೇಜ್ ಕಲೆಕ್ಟರನ್ನು. ನಮ್ಮ ಆಫೀಸಿನಲ್ಲಿ ಹಿಂದೆ ಹೀಗೇ ಆದಾಗ ಅಷ್ಟು ಮಾಡಿದ್ದೆವು, ಸ್ವಲ್ಪ ದಿನ ನಡೆಯಿತು.

ಉಣಕಲ್ ದಂಡೆ · ಸೋಮವಾರ ರಾತ್ರಿ 11:20

ಗೋಕುಲ ರಸ್ತೆಯವರೇ, ಸ್ವಲ್ಪ ದಿನ ನಡೆಯುತ್ತದೆ ನಿಜ. ಆದರೆ ಇಲ್ಲಿ ಆ ಎರಡೂ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾಕೆ ಅಂದರೆ ಯಾಲಕ್ಕಿ ಅಕ್ಕನವರ ಫೋನಿನಲ್ಲಿ ಹೀಪ್ (ಆ್ಯಪಿಗೆ ಕೊಟ್ಟ ಮೆಮೊರಿ ಜಾಗ) ತುಂಬಿ ಆ್ಯಪ್ ಬಿದ್ದಿಲ್ಲ. ಹೀಪ್ ತುಂಬಿದ್ದರೆ ಔಟ್‌ಆಫ್‌ಮೆಮೊರಿ ಎರರ್ ಬರುತ್ತಿತ್ತು. ಅದು ಕ್ರ್ಯಾಶ್. ರಿಪೋರ್ಟಿನಲ್ಲಿ ಕಾಣುತ್ತಿತ್ತು.

ಇಲ್ಲಿ ಆಗುತ್ತಿರುವುದು ಬೇರೆ ಅನಿಸುತ್ತದೆ. ಫೋನಿನ ಒಟ್ಟು ಮೆಮೊರಿ ಕಡಿಮೆಯಾದಾಗ ಆಂಡ್ರಾಯ್ಡ್‌ನ ಲೋ ಮೆಮೊರಿ ಕಿಲ್ಲರ್ ಹಿಂದೆ ಕುಳಿತಿರುವ ಆ್ಯಪ್‌ಗಳನ್ನು ಒಂದೊಂದಾಗಿ ಕೊಲ್ಲುತ್ತದೆ. ದಿವಾನಜಿ ವಾಟ್ಸಾಪ್ ತೆರೆದ ಕ್ಷಣ ನಿಮ್ಮ ಆ್ಯಪ್ ಹಿಂದಿನ ಸಾಲಿಗೆ ಹೋಯಿತು. ಅದರ ಹೊಟ್ಟೆ ದೊಡ್ಡದಿದ್ದರೆ ಮೊದಲು ಅದಕ್ಕೇ ಏಟು. ಇದು ಕ್ರ್ಯಾಶ್ ಅಲ್ಲ. ಕೊಲ್ಲುವ ಮುಂಚೆ ನಿಮ್ಮ ಕೋಡಿಗೆ ಒಂದು ಮಾತೂ ಹೇಳುವುದಿಲ್ಲ. ಅದಕ್ಕೇ ರಿಪೋರ್ಟ್ ಖಾಲಿ. ಲಾರ್ಜ್‌ಹೀಪ್ ಹಾಕಿದರೆ ಹೊಟ್ಟೆ ಇನ್ನೂ ದೊಡ್ಡದಾಗಲು ಬಿಟ್ಟ ಹಾಗೆ ಅಲ್ವಾ?

ಊಹೆ ಬೇಡ, ನೋಡೋಣ. ಎರಡು ಕೆಲಸ ಮಾಡಿ.

ಒಂದು, ಆಂಡ್ರಾಯ್ಡ್ 11ರಿಂದ ಆ್ಯಕ್ಟಿವಿಟಿ ಮ್ಯಾನೇಜರ್‌ನಲ್ಲಿ ಗೆಟ್‌ಹಿಸ್ಟಾರಿಕಲ್‌ಪ್ರೋಸೆಸ್‌ಎಕ್ಸಿಟ್‌ರೀಸನ್ಸ್ ಅಂತ ಇದೆ. ಹಿಂದಿನ ಸಲ ಪ್ರೋಸೆಸ್ ಯಾಕೆ ಸತ್ತಿತು ಅಂತ ಅದು ಹೇಳುತ್ತದೆ. ಆ್ಯಪ್ ಶುರುವಾದಾಗ ಅದನ್ನು ಓದಿ ಒಂದು ಫೈಲಿಗೆ ಬರೆಯಿರಿ. ರೀಸನ್ ಲೋ ಮೆಮೊರಿ ಅಂತ ಬಂದರೆ ಮುಗಿಯಿತು, ಕಾರಣ ಗೊತ್ತಾಯಿತು. ಕೆಲವು ಫೋನುಗಳು ಅದನ್ನು ಬಿಡಿಸಿ ಹೇಳುವುದಿಲ್ಲ, ಬರೀ ಸಿಗ್ನಲ್ 9 (ಬಲವಂತವಾಗಿ ಕೊಂದದ್ದು) ಅಂತ ತೋರಿಸುತ್ತವೆ. ಅದನ್ನೂ ಇದೇ ಲೆಕ್ಕಕ್ಕೆ ಹಿಡಿದು ಮುಂದೆ ನೋಡಿ.

ಎರಡು, ಕೇಬಲ್ ಹಾಕಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಶೆಲ್‌ನಲ್ಲಿ ಡಂಪ್‌ಸಿಸ್ ಮೆಮ್‌ಇನ್ಫೋ ಅಂತ ಕೊಟ್ಟು, ಮುಂದೆ ನಿಮ್ಮ ಪ್ಯಾಕೇಜ್ ಹೆಸರು ಬರೆಯಿರಿ. ಉದ್ದದ ಪಟ್ಟಿ ಬರುತ್ತದೆ. ಗಾಬರಿ ಬೇಡ. ಮೂರೇ ಮೂರು ಸಂಖ್ಯೆ ಬರೆದುಕೊಳ್ಳಿ: ಜಾವಾ ಹೀಪ್ (ಜಿಸಿ ನೋಡಿಕೊಳ್ಳುವ ಜಾಗ), ನೇಟಿವ್ ಹೀಪ್ (ಅದರ ಹೊರಗಿನ ಜಾಗ), ಮತ್ತು ಕೆಳಗೆ ಆಬ್ಜೆಕ್ಟ್ಸ್ ಅನ್ನುವ ಕಡೆ ಇರುವ ಆ್ಯಕ್ಟಿವಿಟೀಸ್, ಅಂದರೆ ಮೆಮೊರಿಯಲ್ಲಿರುವ ಪರದೆಗಳ ಎಣಿಕೆ. ಆ್ಯಪ್ ತೆರೆದ ಕೂಡಲೇ ಒಂದು ಸಲ. ಇಪ್ಪತ್ತು ಲಾಟ್ ಮಾಡಿ ಮುಖಪುಟಕ್ಕೆ ವಾಪಸ್ ಬಂದು ಇನ್ನೊಂದು ಸಲ. ಎರಡನೇ ಸಲ ನೋಡುವ ಮುಂಚೆ ಆಂಡ್ರಾಯ್ಡ್ ಸ್ಟುಡಿಯೊ ಪ್ರೊಫೈಲರ್‌ನಲ್ಲಿ ಕಸದ ಬುಟ್ಟಿಯ ಗುರುತು ಒತ್ತಿ ಜಿಸಿ ಮಾಡಿಸಿ. ಇಲ್ಲದಿದ್ದರೆ ಇನ್ನೂ ಗುಡಿಸದ ಕಸವೂ ಲೆಕ್ಕಕ್ಕೆ ಬರುತ್ತದೆ.

ದಿವಾನಜಿಯವರ ಫೋನಿನಂಥದ್ದರಲ್ಲೇ ಮಾಡಿ. ನಿಮ್ಮ 8 ಜಿಬಿ ಫೋನಿನಲ್ಲಿ ಅದು ಸಾಯುವವರೆಗೆ ಕಾದರೆ ರಾತ್ರಿಯಾಗುತ್ತದೆ.

ಬೆಟಗೇರಿ ಮಗ್ಗ · ಮಂಗಳವಾರ ಬೆಳಿಗ್ಗೆ 7:15

ಅಣ್ಣಾರ, ನಾನು ಗದಗದಲ್ಲಿ ಓದುತ್ತಿದ್ದೇನೆ, ಆ್ಯಪ್ ಮಾಡಲು ಫ್ಲಟರ್ ಕಲಿಯುತ್ತಿದ್ದೇನೆ. ಒಂದು ಅನುಮಾನ. ಬೇಡದ್ದನ್ನು ಜಿಸಿ ತಾನೇ ತೆಗೆದುಹಾಕುತ್ತದೆ ಅಂತ ಪಾಠದಲ್ಲಿ ಹೇಳಿದ್ದಾರೆ. ಹಾಗಾದರೆ ಲೀಕ್ ಆಗುವುದಾದರೂ ಹೇಗೆ?

ಉಣಕಲ್ ದಂಡೆ · ಮಂಗಳವಾರ ಬೆಳಿಗ್ಗೆ 8:30

ಒಳ್ಳೆ ಪ್ರಶ್ನೆ ತಮ್ಮಾ. ನಿನಗೆ ಬೇಡವಾಗಿದೆ ಅಂತ ಜಿಸಿಗೆ ಗೊತ್ತಾಗುವುದಿಲ್ಲ. ಯಾರಾದರೂ ಹಿಡಿದುಕೊಂಡಿದ್ದಾರಾ ಅನ್ನುವುದಷ್ಟೇ ಅದಕ್ಕೆ ಗೊತ್ತು.

ದನದ ಕೊಟ್ಟಿಗೆ ಅಂತ ತಿಳಿದುಕೋ. ಜಿಸಿ ಅಂದರೆ ಗೂಟಕ್ಕೆ ಕಟ್ಟದ ದನವನ್ನು ಮಾತ್ರ ಹೊರಗೆ ಕಳಿಸುವ ಆಳು. ಎತ್ತು ಮಾರಿ ಆಗಿದೆ, ದುಡ್ಡೂ ಕೈಗೆ ಬಂದಿದೆ. ಆದರೆ ಹಗ್ಗ ಇನ್ನೂ ನಮ್ಮ ಗೂಟದಲ್ಲೇ ಇದ್ದರೆ ಆ ಆಳು ಅದನ್ನು ಮುಟ್ಟುವುದಿಲ್ಲ. ಜಾಗವೂ ಹೋಯಿತು, ಮೇವೂ ಹೋಯಿತು. ಗೂಟ ಅಂದರೆ ಜಿಸಿ ರೂಟ್: ಸ್ಟ್ಯಾಟಿಕ್ ಫೀಲ್ಡ್, ಓಡುತ್ತಿರುವ ಥ್ರೆಡ್, ಇಂಥವು. ಹಗ್ಗ ಅಂದರೆ ರೆಫರೆನ್ಸ್. ಮುಚ್ಚಿದ ಆ್ಯಕ್ಟಿವಿಟಿ ಅಂದರೆ ಮಾರಿದ ಎತ್ತು. ಒಂದು ಆ್ಯಕ್ಟಿವಿಟಿ ಉಳಿದರೆ ಅದರೊಳಗಿನ ಎಲ್ಲ ವ್ಯೂ, ಎಲ್ಲ ಚಿತ್ರ ಅದರ ಜೊತೆಗೇ ಉಳಿಯುತ್ತವೆ.

ಸಿಸ್ಟಮ್.ಜಿಸಿ ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಯಿತಲ್ಲ. ಆಳನ್ನು ದಿನಕ್ಕೆ ನೂರು ಸಲ ಕರೆದರೂ ಕಟ್ಟಿದ್ದನ್ನು ಅವನು ಬಿಚ್ಚುವುದಿಲ್ಲ. ಮೇಲಾಗಿ ಕರೆದಾಗಲೆಲ್ಲ ಪರದೆ ತಡವರಿಸುತ್ತದೆ.

ಗೋಕುಲ ರಸ್ತೆ · ಮಂಗಳವಾರ ಬೆಳಿಗ್ಗೆ 9:10

ಒಪ್ಪಿದೆ ಸರ್. ನಾವು ಆಗ ನಿಜವಾದ ಕಾರಣ ಹುಡುಕಲೇ ಇಲ್ಲ. ಆ ಆ್ಯಪನ್ನು ಈ ವಾರ ಮತ್ತೆ ತೆರೆದು ನೋಡುತ್ತೇನೆ.

ಹಾವೇರಿ ಯಾಲಕ್ಕಿ · ಮಂಗಳವಾರ ಸಂಜೆ 6:45

ಸರ್, ತಮ್ಮನ ಹಳೇ 3 ಜಿಬಿ ಫೋನಿನಲ್ಲಿ ಮಾಡಿದೆ. ಎಕ್ಸಿಟ್ ರೀಸನ್ ಲೋ ಮೆಮೊರಿ ಅಂತಲೇ ಬಂತು. ಸಂಖ್ಯೆಗಳು ಇವು.

ತೆರೆದ ಕೂಡಲೇ: ಜಾವಾ ಹೀಪ್ 14 ಎಂಬಿ, ನೇಟಿವ್ ಹೀಪ್ 38 ಎಂಬಿ, ಆ್ಯಕ್ಟಿವಿಟೀಸ್ 1.

ಇಪ್ಪತ್ತು ಲಾಟ್ ಆದ ಮೇಲೆ: ಜಾವಾ ಹೀಪ್ 19 ಎಂಬಿ, ನೇಟಿವ್ ಹೀಪ್ 202 ಎಂಬಿ, ಆ್ಯಕ್ಟಿವಿಟೀಸ್ 21.

ಪ್ರತಿ ಲಾಟಿಗೂ ನಾನು ಒಂದು ಹೊಸ ಲಾಟ್ ಪರದೆ ತೆರೆಯುತ್ತೇನೆ, ಸೇವ್ ಆದ ಮೇಲೆ ಫಿನಿಶ್ ಮಾಡುತ್ತೇನೆ. ಆದರೂ ಇಪ್ಪತ್ತೂ ಹಾಗೇ ಕುಳಿತಿವೆ! ಜಾವಾ ಹೀಪ್ ಮಾತ್ರ ಹೆಚ್ಚು ಏರಿಲ್ಲ, ಅದು ಯಾಕೆ?

ಉಣಕಲ್ ದಂಡೆ · ಮಂಗಳವಾರ ರಾತ್ರಿ 9:30

ಒಂದು ಪರದೆ ತೆರೆದಿರುವಾಗ 21 ಆ್ಯಕ್ಟಿವಿಟಿ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಲೀಕ್ ಇದೆ.

ಜಾವಾ ಹೀಪ್ ಏರದಿರುವುದಕ್ಕೆ ಕಾರಣ ಫೋಟೊ. ಆಂಡ್ರಾಯ್ಡ್ 8ರಿಂದ ಬಿಟ್‌ಮ್ಯಾಪಿನ (ಪರದೆಗೆ ಬಿಚ್ಚಿದ ಚಿತ್ರದ) ಪಿಕ್ಸೆಲ್‌ಗಳು ನೇಟಿವ್ ಹೀಪಿನಲ್ಲಿ ಕೂರುತ್ತವೆ. ಜಾವಾ ಕಡೆ ಸಣ್ಣ ಆಬ್ಜೆಕ್ಟ್ ಮಾತ್ರ. ಬರೀ ಜಾವಾ ಹೀಪ್ ನೋಡಿದವರು ಎಲ್ಲಾ ಸರಿ ಇದೆ ಅಂದುಕೊಂಡು ಎದ್ದು ಹೋಗುತ್ತಾರೆ.

ನೀವು ಫೋಟೊವನ್ನು ಎಷ್ಟಕ್ಕೆ ಇಳಿಸಿ ತೋರಿಸುತ್ತೀರಿ?

ಹಾವೇರಿ ಯಾಲಕ್ಕಿ · ಮಂಗಳವಾರ ರಾತ್ರಿ 9:42

1600ಕ್ಕೆ 1200.

ಉಣಕಲ್ ದಂಡೆ · ಮಂಗಳವಾರ ರಾತ್ರಿ 10:15

ಹಾಗಾದರೆ ಲೆಕ್ಕ ಹಾಕೋಣ. ಒಂದು ಪಿಕ್ಸೆಲ್‌ಗೆ 4 ಬೈಟ್. 1600 × 1200 × 4 ಅಂದರೆ 76,80,000 ಬೈಟ್, ಹತ್ತಿರ ಹತ್ತಿರ 7.7 ಎಂಬಿ. ಜೆಪೆಗ್ ಫೈಲ್ 300 ಕೆಬಿ ಇದ್ದರೂ ಪರದೆಗೆ ಬಿಚ್ಚಿದ ಮೇಲೆ ಇಷ್ಟೇ ಜಾಗ ಬೇಕು. ಇಪ್ಪತ್ತು ಲಾಟಿಗೆ 154 ಎಂಬಿ. ನಿಮ್ಮ ನೇಟಿವ್ ಹೀಪ್ ಏರಿದ್ದು 164 ಎಂಬಿ. ಬಹುಪಾಲು ಸಿಕ್ಕಿತು. ಉಳಿದ ಹತ್ತು ಎಂಬಿ ನೆನಪಿಟ್ಟುಕೊಳ್ಳಿ, ಅದರ ಹತ್ತಿರ ಆಮೇಲೆ ಬರೋಣ.

ಅರವತ್ತು ಲಾಟಿಗೆ ಇದೇ ಲೆಕ್ಕದಲ್ಲಿ 460 ಎಂಬಿ ಬರೀ ಹಳೇ ಫೋಟೊ. 3 ಜಿಬಿ ಫೋನಿನಲ್ಲಿ ಅರವತ್ತಕ್ಕೇ ಯಾಕೆ ಸಾಯುತ್ತಿತ್ತು ಅನ್ನುವುದು ಇದೇ. ಇಳಿಸದೆ 4000ಕ್ಕೆ 3000 ಹಾಗೇ ಹಾಕಿದ್ದರೆ ಒಂದಕ್ಕೇ 48 ಎಂಬಿ ಆಗುತ್ತಿತ್ತು. ನೀವು ಇಳಿಸಿದ್ದು ಒಳ್ಳೆಯದೇ ಆಯಿತು.

ಈಗ ಹಗ್ಗ ಯಾರ ಕೈಯಲ್ಲಿದೆ ಅಂತ ಹುಡುಕಬೇಕು. ಲೀಕ್‌ಕ್ಯಾನರಿ ಹಾಕಿಕೊಳ್ಳಿ. ಸ್ಕ್ವೇರ್ ಕಂಪನಿಯವರು 2015ರಲ್ಲಿ ಬಿಟ್ಟ ಲೈಬ್ರರಿ, ಪುಕ್ಕಟೆ. ಈಗಿನ ಆವೃತ್ತಿಗೆ ಗ್ರೇಡಲ್‌ನಲ್ಲಿ ಒಂದೇ ಸಾಲು ಸಾಕು, ಕೋಡ್ ಬರೆಯಬೇಕಿಲ್ಲ. ಡೀಬಗ್‌ಇಂಪ್ಲಿಮೆಂಟೇಶನ್ ಅಂತಲೇ ಹಾಕಿ. ಗಿರಾಕಿಗೆ ಕೊಡುವ ಆ್ಯಪಿನೊಳಗೆ ಅದು ಹೋಗಬಾರದು.

ಆ್ಯಕ್ಟಿವಿಟಿ ಅಥವಾ ಫ್ರ್ಯಾಗ್ಮೆಂಟ್ (ಪರದೆಯ ಒಂದು ಭಾಗ) ಮುಚ್ಚಿದ ಮೇಲೆ ಅದು 5 ಸೆಕೆಂಡ್ ಕಾಯುತ್ತದೆ. ಆಮೇಲೆ ಜಿಸಿ ಮಾಡಿಸಿ ನೋಡುತ್ತದೆ. ಇನ್ನೂ ಉಳಿದಿದ್ದರೆ ಎಣಿಸಿಕೊಳ್ಳುತ್ತದೆ. ಆ್ಯಪ್ ಕಣ್ಣೆದುರಿಗೆ ಇರುವಾಗ ಅಂಥವು ಐದು ಸೇರಿದರೆ ಹೀಪ್ ಡಂಪ್, ಅಂದರೆ ಹೀಪಿನ ಪೂರ್ತಿ ನಕಲು, ತೆಗೆಯುತ್ತದೆ. ಆಗ ಫೋನ್ ಕೆಲವು ಸೆಕೆಂಡ್ ಗಕ್ಕನೆ ನಿಲ್ಲುತ್ತದೆ, ಹೆದರಬೇಡಿ. ಬಂದ ಟ್ರೇಸನ್ನು ಇಲ್ಲಿ ಹಾಕಿ.

ಹಾವೇರಿ ಯಾಲಕ್ಕಿ · ಬುಧವಾರ ಮಧ್ಯಾಹ್ನ 1:20

ಬಂತು ಸರ್! ಆರನೇ ಲಾಟಿಗೇ ಲೀಕ್‌ಕ್ಯಾನರಿಯ ಹಳದಿ ಹಕ್ಕಿ ಬಂದು ಕೂತಿತು. ಮೇಲಿಂದ ಕೆಳಗೆ ಹೀಗಿದೆ:

ಜಿಸಿ ರೂಟ್
↓ ಪ್ರಿಂಟರ್‌ಮ್ಯಾನೇಜರ್ ಕ್ಲಾಸ್. ಲೀಕಿಂಗ್: ನೋ
↓ ಸ್ಟ್ಯಾಟಿಕ್ ಇನ್‌ಸ್ಟನ್ಸ್ ~~~~
↓ ಪ್ರಿಂಟರ್‌ಮ್ಯಾನೇಜರ್. ಲೀಕಿಂಗ್: ಅನ್‌ನೋನ್. ಲಿಸನರ್ಸ್ ~~~~
↓ ಅರೇಲಿಸ್ಟ್. ಲೀಕಿಂಗ್: ಅನ್‌ನೋನ್. ಎಲಿಮೆಂಟ್ 0 ~~~~
↓ ಲ್ಯಾಂಬ್ಡಾ. ಲೀಕಿಂಗ್: ಅನ್‌ನೋನ್ ~~~~
↳ ಲಾಟ್‌ಆ್ಯಕ್ಟಿವಿಟಿ. ಲೀಕಿಂಗ್: ಯೆಸ್

ಇದನ್ನು ಓದುವುದು ಹೇಗೆ? ಇಷ್ಟು ಸಾಲಿನಲ್ಲಿ ತಪ್ಪು ಯಾವುದು?

ಉಣಕಲ್ ದಂಡೆ · ಬುಧವಾರ ರಾತ್ರಿ 8:50

ಮೊದಲು ಕೊನೆಯ ನೋ ಎಲ್ಲಿದೆ ನೋಡಿ, ಆಮೇಲೆ ಮೊದಲನೇ ಯೆಸ್ ಎಲ್ಲಿದೆ ನೋಡಿ. ತಪ್ಪು ಈ ಎರಡರ ನಡುವೆಯೇ ಇರುತ್ತದೆ. ಆ ಅಲೆ ಗೆರೆ ಎಳೆದಿರುವುದು ಅದಕ್ಕೇ. ಉಳಿದದ್ದರ ತಂಟೆ ಬೇಡ.

ಇನ್ನು ಒಂದೊಂದೇ ಕೇಳಿಕೊಳ್ಳಿ. ಪ್ರಿಂಟರ್‌ಮ್ಯಾನೇಜರ್ ದಿನವಿಡೀ ಬದುಕಿರಬೇಕಾ? ಹೌದು, ಪ್ರತಿ ಚೀಟಿಗೂ ಹೊಸದಾಗಿ ಬ್ಲೂಟೂತ್ ಜೋಡಿಸಲು ಆಗುವುದಿಲ್ಲ. ಅದರೊಳಗೆ ಲಿಸನರ್ ಪಟ್ಟಿ (ಪ್ರಿಂಟರಿನ ಸುದ್ದಿ ಯಾರಿಗೆ ಹೇಳಬೇಕು ಅನ್ನುವುದು) ಇರಬೇಕಾ? ಹೌದು. ಆ ಪಟ್ಟಿಯಲ್ಲಿ ಮುಚ್ಚಿ ಹೋದ ಲಾಟ್ ಪರದೆಯ ಲ್ಯಾಂಬ್ಡಾ (ಸುದ್ದಿ ಬಂದಾಗ ಓಡುವ ಪುಟ್ಟ ಕೋಡ್) ಇರಬೇಕಾ? ಇಲ್ಲ. ಅಲ್ಲಿಗೆ ಸಿಕ್ಕಿತು. ಚೀಟಿ ಬಂತಾ, ಕಾಗದ ಮುಗಿಯಿತಾ ಅಂತ ಕೇಳಿಸಿಕೊಳ್ಳಲು ನೀವು ಆನ್‌ಕ್ರಿಯೇಟ್‌ನಲ್ಲಿ ಆ್ಯಡ್‌ಲಿಸನರ್ ಅಂತ ಬರೆದಿರುತ್ತೀರಿ. ರಿಮೂವ್ ಎಲ್ಲೂ ಬರೆದಿರುವುದಿಲ್ಲ. ಲ್ಯಾಂಬ್ಡಾದ ಒಳಗೆ ಪರದೆಯ ಯಾವುದಾದರೂ ಬಟನ್ ಅಥವಾ ಟೆಕ್ಸ್ಟ್ ಮುಟ್ಟಿದ್ದರೆ ಅದು ಇಡೀ ಆ್ಯಕ್ಟಿವಿಟಿಯನ್ನು ಹಿಡಿದುಕೊಳ್ಳುತ್ತದೆ. ಹೌದೋ ಅಲ್ಲವೋ?

ಪರದೆ ಕಾಣಿಸಿಕೊಳ್ಳುವಾಗಿನ ಆನ್‌ಸ್ಟಾರ್ಟ್‌ನಲ್ಲಿ ಸೇರಿಸಿ, ಮರೆಯಾಗುವಾಗಿನ ಆನ್‌ಸ್ಟಾಪ್‌ನಲ್ಲಿ ತೆಗೆಯಿರಿ. ಒಂದು ಎಚ್ಚರ: ಸೇರಿಸಿದ ಅದೇ ಲ್ಯಾಂಬ್ಡಾವನ್ನು ತೆಗೆಯಬೇಕು. ಅದನ್ನು ಒಂದು ವ್ಯಾಲ್‌ನಲ್ಲಿ ಇಟ್ಟುಕೊಳ್ಳಿ. ತೆಗೆಯುವಾಗ ಮತ್ತೆ ಹೊಸದಾಗಿ ಬರೆದರೆ ಅದು ಬೇರೆ ಆಬ್ಜೆಕ್ಟ್, ಹಳೆಯದು ಪಟ್ಟಿಯಲ್ಲೇ ಉಳಿಯುತ್ತದೆ.

ಗೋಕುಲ ರಸ್ತೆ · ಬುಧವಾರ ರಾತ್ರಿ 9:15

ಲಿಸನರ್ ಪಟ್ಟಿಯನ್ನೇ ವೀಕ್‌ರೆಫರೆನ್ಸ್ (ಜಿಸಿ ಲೆಕ್ಕಕ್ಕೆ ಹಿಡಿಯದ ಹಗ್ಗ) ಮಾಡಿದರೆ ತೆಗೆಯುವ ಗೋಜೇ ಇರುವುದಿಲ್ಲ ಅಲ್ವಾ ಸರ್?

ಉಣಕಲ್ ದಂಡೆ · ಬುಧವಾರ ರಾತ್ರಿ 9:40

ಈ ಗುಂಡಿಗೆ ನಾನು ಬಿದ್ದಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಲ್ಯಾಂಬ್ಡಾವನ್ನು ಬೇರೆ ಯಾರೂ ಹಿಡಿದಿಲ್ಲ, ಆ ಪಟ್ಟಿ ಒಂದೇ ಹಿಡಿದಿದೆ ಅಂದುಕೊಳ್ಳಿ. ಅದನ್ನೂ ವೀಕ್ ಮಾಡಿದರೆ, ಪರದೆ ಇನ್ನೂ ತೆರೆದಿರುವಾಗಲೇ ಮುಂದಿನ ಜಿಸಿ ಬಂದು ಲ್ಯಾಂಬ್ಡಾವನ್ನು ಎತ್ತಿಕೊಂಡು ಹೋಗುತ್ತದೆ. ಪ್ರಿಂಟರಿನಲ್ಲಿ ಕಾಗದ ಮುಗಿದರೂ ಪರದೆಗೆ ಸುದ್ದಿ ಬರುವುದಿಲ್ಲ. ಎರರ್ ಇಲ್ಲ, ಲಾಗ್ ಇಲ್ಲ. ಕೆಲವು ಸಲ ಬರುತ್ತದೆ, ಕೆಲವು ಸಲ ಬರುವುದಿಲ್ಲ. ಅದನ್ನು ಹುಡುಕಲು ನನಗೆ ನಾಲ್ಕು ದಿನ ಬೇಕಾಯಿತು. ಲೀಕೇ ವಾಸಿ ಅನಿಸಿಬಿಟ್ಟಿತ್ತು. ಕಟ್ಟಿದವರೇ ಬಿಚ್ಚಬೇಕು.

ಸಪ್ತಾಪುರ ಭಾವಿ · ಬುಧವಾರ ರಾತ್ರಿ 10:30

ಧಾರವಾಡದಿಂದ. ನನ್ನದು ಐಫೋನ್ ಕೆಲಸ. ನಮ್ಮ ಕಡೆ ಕಥೆ ಸ್ವಲ್ಪ ಬೇರೆ, ಹೊಸಬರು ಓದುತ್ತಿದ್ದರೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಸ್ವಿಫ್ಟ್ ಭಾಷೆಯಲ್ಲಿ ಜಿಸಿ ಇಲ್ಲ. ಎಆರ್‌ಸಿ ಇದೆ, ಅಂದರೆ ಪ್ರತಿ ಆಬ್ಜೆಕ್ಟನ್ನು ಎಷ್ಟು ಜನ ಹಿಡಿದಿದ್ದಾರೆ ಅಂತ ಎಣಿಕೆ. ಸೊನ್ನೆಯಾದರೆ ಅದು ಹೋಗುತ್ತದೆ. ಉಣಕಲ್ ಸರ್ ಹೇಳಿದ ಕೊಟ್ಟಿಗೆಯಲ್ಲಿ ಎರಡು ಎತ್ತನ್ನು ಒಂದಕ್ಕೊಂದು ಕಟ್ಟಿ ಗೂಟದಿಂದ ಬಿಚ್ಚಿದರೆ ಜಿಸಿ ಎರಡನ್ನೂ ಹೊರಗೆ ಕಳಿಸುತ್ತದೆ. ನಮ್ಮಲ್ಲಿ ಹಾಗಲ್ಲ. ಅದನ್ನು ಇದು ಹಿಡಿದಿದೆ, ಇದನ್ನು ಅದು ಹಿಡಿದಿದೆ, ಎಣಿಕೆ ಎಂದೂ ಸೊನ್ನೆಯಾಗುವುದಿಲ್ಲ. ಇದಕ್ಕೆ ರಿಟೇನ್ ಸೈಕಲ್ ಅನ್ನುತ್ತೇವೆ. ವ್ಯೂ ಕಂಟ್ರೋಲರ್ (ಅಂದರೆ ನಮ್ಮ ಪರದೆ) ಒಂದು ಕ್ಲೋಷರನ್ನು (ನಿಮ್ಮ ಲ್ಯಾಂಬ್ಡಾದಂಥದ್ದು) ಇಟ್ಟುಕೊಂಡು, ಆ ಕ್ಲೋಷರ್ ಒಳಗೆ ಸೆಲ್ಫ್ ಅಂತ ಬರೆದರೆ ಸೈಕಲ್ ಆಯಿತು. ಅಲ್ಲಿ ವೀಕ್ ಸೆಲ್ಫ್ ಬರೆಯಬೇಕು. ಡೆಲಿಗೇಟ್ ಕೂಡ ವೀಕ್ ಇರಬೇಕು.

ಹುಡುಕುವುದಕ್ಕೆ ನಾನು ಮೊದಲು ಮಾಡುವುದು ಬಹಳ ಸರಳ. ಪ್ರತಿ ಪರದೆ ಮೆಮೊರಿಯಿಂದ ಹೋಗುವಾಗ ಓಡುವ ಡೀಇನಿಟ್‌ನಲ್ಲಿ ಒಂದು ಪ್ರಿಂಟ್ ಹಾಕುತ್ತೇನೆ. ಪರದೆ ಮುಚ್ಚಿದಾಗ ಆ ಸಾಲು ಬರಲಿಲ್ಲ ಅಂದರೆ ಎಕ್ಸ್‌ಕೋಡ್‌ನಲ್ಲಿ ಮೆಮೊರಿ ಗ್ರಾಫ್ ತೆರೆಯುತ್ತೇನೆ. ಯಾರು ಯಾರನ್ನು ಹಿಡಿದಿದ್ದಾರೆ ಅಂತ ಬಾಣ ಎಳೆದು ತೋರಿಸುತ್ತದೆ.

ಬೆಟಗೇರಿ ಮಗ್ಗ · ಗುರುವಾರ ಬೆಳಿಗ್ಗೆ 6:50

ಅಣ್ಣಾರ, ಫ್ಲಟರ್‌ನಲ್ಲಿ?

ಸಪ್ತಾಪುರ ಭಾವಿ · ಗುರುವಾರ ಬೆಳಿಗ್ಗೆ 8:05

ಫ್ಲಟರ್ ಬಳಸುವ ಡಾರ್ಟ್ ಭಾಷೆಯಲ್ಲಿ ಜಿಸಿ ಇದೆ, ಆದ್ದರಿಂದ ಆಂಡ್ರಾಯ್ಡ್ ಲೆಕ್ಕವೇ. ಇನಿಟ್‌ಸ್ಟೇಟ್‌ನಲ್ಲಿ ಏನೇನು ತೆರೆದೆಯೋ ಅದೆಲ್ಲವನ್ನೂ ಡಿಸ್ಪೋಸ್‌ನಲ್ಲಿ ಮುಚ್ಚು. ಸ್ಟ್ರೀಮ್ ಸಬ್‌ಸ್ಕ್ರಿಪ್ಶನ್, ಟೈಮರ್, ಆ್ಯನಿಮೇಶನ್ ಕಂಟ್ರೋಲರ್, ಈ ಮೂರನ್ನು ಮೊದಲು ನೋಡು. ಡೆವ್‌ಟೂಲ್ಸ್‌ನ ಮೆಮೊರಿ ಪುಟದಲ್ಲಿ ಎರಡು ಸ್ನ್ಯಾಪ್‌ಶಾಟ್ ತೆಗೆದು ಒಂದಕ್ಕೊಂದು ಹೋಲಿಸಲು ಬರುತ್ತದೆ. ಡೀಬಗ್ ಮೋಡ್‌ನ ಸಂಖ್ಯೆ ನಂಬಬೇಡ, ಪ್ರೊಫೈಲ್ ಮೋಡ್‌ನಲ್ಲಿ ಓಡಿಸು.

ಹಾವೇರಿ ಯಾಲಕ್ಕಿ · ಗುರುವಾರ ರಾತ್ರಿ 9:00

ಸರ್, ನೀವು ಹೇಳಿದ ಹಾಗೇ ಇತ್ತು. ರಿಮೂವ್ ಎಲ್ಲೂ ಬರೆದಿರಲಿಲ್ಲ. ಸರಿ ಮಾಡಿದೆ.

ಇಪ್ಪತ್ತು ಲಾಟ್ ಆದ ಮೇಲೆ ಈಗ ಆ್ಯಕ್ಟಿವಿಟೀಸ್ 2, ನೇಟಿವ್ ಹೀಪ್ 48 ಎಂಬಿ. ನಲವತ್ತಕ್ಕೆ ಆ್ಯಕ್ಟಿವಿಟೀಸ್ 2, ನೇಟಿವ್ 58. ಅರವತ್ತಕ್ಕೆ ನೇಟಿವ್ 67. ಸಂತೋಷ ಆಯಿತು, ಆದರೆ ಎರಡು ಅನುಮಾನ. ಆ್ಯಕ್ಟಿವಿಟಿ 1 ಇರಬೇಕಲ್ಲ, 2 ಯಾಕೆ? ಮತ್ತೆ ಇಪ್ಪತ್ತು ಲಾಟಿಗೆ ಹತ್ತು ಎಂಬಿ ಏರುತ್ತಲೇ ಇದೆ. ಲೀಕ್‌ಕ್ಯಾನರಿ ಈಗ ಸುಮ್ಮನಿದೆ.

ಉಣಕಲ್ ದಂಡೆ · ಗುರುವಾರ ರಾತ್ರಿ 10:40

ಎರಡನೇ ಆ್ಯಕ್ಟಿವಿಟಿ ಬಗ್ಗೆ ಚಿಂತೆ ಬೇಡ. ಕೀಬೋರ್ಡ್ ನೋಡಿಕೊಳ್ಳುವ ಆಂಡ್ರಾಯ್ಡ್‌ನದೇ ಇನ್‌ಪುಟ್ ಮೆಥಡ್ ಮ್ಯಾನೇಜರ್ ಕೆಲವೊಮ್ಮೆ ಕೊನೆಗೆ ಮುಚ್ಚಿದ ಪರದೆಯನ್ನು ಹಿಡಿದುಕೊಂಡೇ ಇರುತ್ತದೆ. ಮುಂದಿನ ಪರದೆ ಬಂದಾಗ ಬಿಡುತ್ತದೆ. ನಲವತ್ತಕ್ಕೂ 2 ಇದೆಯಲ್ಲ, ಏರುತ್ತಿಲ್ಲ. ಏರದಿದ್ದರೆ ಬಿಟ್ಟುಬಿಡಿ.

ಇನ್ನೊಂದು ಅನುಮಾನ ಮಾತ್ರ ನಿಜವಾದ ಸಮಸ್ಯೆ. ಮೊನ್ನೆ ನೆನಪಿಟ್ಟುಕೊಳ್ಳಿ ಅಂದ ಹತ್ತು ಎಂಬಿ ಇದೇ. ಲೀಕ್‌ಕ್ಯಾನರಿ ನೋಡುವುದು ಮುಚ್ಚಿದ ಮೇಲೂ ಉಳಿದವುಗಳನ್ನು ಮಾತ್ರ. ನೀವೇ ಬೇಕು ಅಂತ ಇಟ್ಟುಕೊಂಡು, ಎಂದೂ ಖಾಲಿ ಮಾಡದ ಡಬ್ಬಿ ಇದ್ದರೆ ಅದು ಅದರ ಕಣ್ಣಿಗೆ ಬೀಳುವುದಿಲ್ಲ. ಪ್ರೊಫೈಲರ್‌ನಲ್ಲಿ ಇಪ್ಪತ್ತು ಲಾಟಿಗೆ ಒಂದು, ನಲವತ್ತಕ್ಕೆ ಒಂದು ಹೀಪ್ ಡಂಪ್ ತೆಗೆಯಿರಿ. ಎರಡರಲ್ಲೂ ಬಿಟ್‌ಮ್ಯಾಪ್ ಎಷ್ಟಿವೆ ಎಣಿಸಿ. ಆಮೇಲೆ ಒಂದು ಬಿಟ್‌ಮ್ಯಾಪ್ ಒತ್ತಿ ರೆಫರೆನ್ಸಸ್ ನೋಡಿ.

ಹಾವೇರಿ ಯಾಲಕ್ಕಿ · ಶುಕ್ರವಾರ ಬೆಳಿಗ್ಗೆ 11:10

ಸಿಕ್ಕಿತು! ಮುಖಪುಟದ ಪಟ್ಟಿಯಲ್ಲಿ ತೋರಿಸುವ ಸಣ್ಣ ಚಿತ್ರಗಳು. ಪಟ್ಟಿ ಬೇಗ ಸರಿಯಲಿ ಅಂತ ಅಪ್ಲಿಕೇಶನ್ ಕ್ಲಾಸಿನಲ್ಲಿ ಒಂದು ಹ್ಯಾಶ್‌ಮ್ಯಾಪ್ ಮಾಡಿ ಅದರಲ್ಲಿ ಇಡುತ್ತಿದ್ದೆ. 400ಕ್ಕೆ 300, ನೀವು ಹೇಳಿಕೊಟ್ಟ ಲೆಕ್ಕದಲ್ಲಿ ಒಂದಕ್ಕೆ 4,80,000 ಬೈಟ್. ಇಪ್ಪತ್ತಕ್ಕೆ 9.6 ಎಂಬಿ. ಸರಿಯಾಗಿ ತಾಳೆಯಾಯಿತು.

ಉಣಕಲ್ ದಂಡೆ · ಶುಕ್ರವಾರ ಮಧ್ಯಾಹ್ನ 2:30

ಬಹಳ ಒಳ್ಳೆಯದು. ಹ್ಯಾಶ್‌ಮ್ಯಾಪ್ ಬದಲು ಎಲ್‌ಆರ್‌ಯು ಕ್ಯಾಶ್ ಹಾಕಿ, ಮಿತಿ ತುಂಬಿದಾಗ ಬಹಳ ಹೊತ್ತು ಬಳಸದ್ದನ್ನು ಅದೇ ಬಿಡುತ್ತದೆ. ಎಷ್ಟು ಚಿತ್ರ ಅಂತ ಮಿತಿ ಇಡಬೇಡಿ, ಎಷ್ಟು ಕೆಬಿ ಅಂತ ಇಡಿ, ಅದಕ್ಕೆ ಸೈಜ್‌ಆಫ್ ಬರೆಯಬೇಕು. ಗ್ಲೈಡ್ ಅಥವಾ ಕಾಯಿಲ್ ಅನ್ನುವ ಚಿತ್ರದ ಲೈಬ್ರರಿ ಬಳಸಿದರೆ ಇದೆಲ್ಲ ಅವೇ ನೋಡಿಕೊಳ್ಳುತ್ತವೆ.

ಇನ್ನೊಂದು ಮಾತು, ನನಗೆ ಲೀಕಿಗಿಂತ ಇದೇ ಮುಖ್ಯ ಅನಿಸುತ್ತದೆ. ಲೀಕ್ ಪೂರ್ತಿ ಹೋದರೂ ಒಂದಲ್ಲ ಒಂದು ದಿನ ಆಂಡ್ರಾಯ್ಡ್ ನಿಮ್ಮ ಆ್ಯಪನ್ನು ಕೊಲ್ಲುತ್ತದೆ. ದಿವಾನಜಿ ಕ್ಯಾಮೆರಾ ತೆರೆದರೂ ಸಾಕು, ಆ ಕ್ಷಣಕ್ಕೆ ಮೆಮೊರಿ ಬೇಕಾಗುತ್ತದೆ. ಆಗ ಅರ್ಧ ಬರೆದ ಲಾಟ್ ಹೋಗಬಾರದು. ಹೆಸರು ಬರೆದ ಕೂಡಲೇ, ಊರು ಬರೆದ ಕೂಡಲೇ ರೂಮ್ ಡೇಟಾಬೇಸಿಗೆ ಕರಡು ಅಂತ ಸೇರಿಸಿ. ಸೇವ್ ಒತ್ತುವವರೆಗೆ ಕಾಯಬೇಡಿ. ಪರೀಕ್ಷೆ ಮಾಡುವುದು ಸುಲಭ: ಅರ್ಧ ಬರೆದು, ಹೋಮ್ ಒತ್ತಿ, ಎಡಿಬಿ ಶೆಲ್‌ನಲ್ಲಿ ಎಎಮ್ ಕಿಲ್ ಕೊಟ್ಟು ಆ್ಯಪನ್ನು ಸಾಯಿಸಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮತ್ತೆ ತೆರೆಯಿರಿ. ಬರೆದದ್ದು ಬರೆದ ಹಾಗೇ ಇರಬೇಕು. ಆ ಹಿರಿಯರನ್ನು ಮತ್ತೊಮ್ಮೆ ಹೆಸರು ಕೇಳುವ ಹಾಗೆ ಆಗಬಾರದು.

ಗೋಕುಲ ರಸ್ತೆ · ಶನಿವಾರ ಸಂಜೆ 5:00

ನಮ್ಮ ಹಳೇ ಆ್ಯಪ್ ತೆರೆದೆ ಸರ್. ಫ್ರ್ಯಾಗ್ಮೆಂಟಿನ ಬೈಂಡಿಂಗ್ (ವ್ಯೂಗಳನ್ನು ಹಿಡಿದ ಹಗ್ಗ) ಆನ್‌ಡಿಸ್ಟ್ರಾಯ್‌ವ್ಯೂನಲ್ಲಿ ನಲ್ ಮಾಡಿರಲಿಲ್ಲ, ಹನ್ನೊಂದು ಕಡೆ. ಲಾರ್ಜ್‌ಹೀಪ್ ಸಾಲು ಇವತ್ತು ಅಳಿಸಿದೆ.

ಹಾವೇರಿ ಯಾಲಕ್ಕಿ · ಮುಂದಿನ ಮಂಗಳವಾರ ರಾತ್ರಿ 8:20

ನಿನ್ನೆ ಹೊಸ ಆ್ಯಪ್ ಹಾಕಿಕೊಟ್ಟು ಸಂಜೆಯವರೆಗೂ ಅಂಗಡಿಯಲ್ಲೇ ಇದ್ದೆ. 143 ಲಾಟ್. ಕೊನೆಗೆ ಕೇಬಲ್ ಹಾಕಿ ನೋಡಿದೆ: ಆ್ಯಕ್ಟಿವಿಟೀಸ್ 2, ನೇಟಿವ್ ಹೀಪ್ 47 ಎಂಬಿ. ಮಧ್ಯಾಹ್ನ ಒಂದು ಸಲ ದಿವಾನಜಿ ಉದ್ದದ ವಿಡಿಯೊ ಕಾಲ್ ಮಾಡಿದಾಗ ಆ್ಯಪ್ ಸತ್ತಿತ್ತು, ಎಕ್ಸಿಟ್ ಫೈಲಿನಲ್ಲಿ ಬರೆದಿದೆ. ಅವರಿಗೆ ಗೊತ್ತೇ ಆಗಲಿಲ್ಲ. ವಾಪಸ್ ಬಂದಾಗ ಹೆಸರು, ಊರು, ಹನ್ನೆರಡು ಚೀಲ, ಎಲ್ಲಾ ಇತ್ತು. ಚೀಟಿ ಹರಿದು ಕೊಟ್ಟರು.

ಫೋಟೊ ಮಾತ್ರ ಮತ್ತೆ ತೆಗೆಯಬೇಕಾಯಿತು, ಅದು ಬರೀ ಮೆಮೊರಿಯಲ್ಲಿತ್ತು. ಇವತ್ತು ರಾತ್ರಿ ಕೂತು ಅದನ್ನೂ ತೆಗೆದ ಕೂಡಲೇ ಫೈಲಿಗೆ ಬರೆಯುವ ಹಾಗೆ ಮಾಡುತ್ತಿದ್ದೇನೆ.